ಮನೆಗೆ ಬಂದು ಅತ್ತೆಯನ್ನು ನೋಡಿಕೊಳ್ಳುವ ಬಾಯಿ ಚಿನ್ನ, ಬ್ಯೂರೋದ ಬದಲಿ ವ್ಯವಸ್ಥೆ ಮಾತ್ರ ಸರಿಯಿಲ್ಲ

ನಮ್ಮದು ಮುಂಬೈ ಹತ್ತಿರದ ಡೊಂಬಿವಲಿ ಪೂರ್ವ. ಅತ್ತೆಗೆ ಮರೆವಿನ ಕಾಯಿಲೆ. ನಾನೂ ಇವರೂ ಬೆಳಗ್ಗೆ ಲೋಕಲ್ ಹಿಡಿದರೆ ವಾಪಸಾಗುವುದು ರಾತ್ರಿಯೇ. ಹಾಗಾಗಿ 8ರಿಂದ 8ರ ಶಿಫ್ಟಿಗೆ ಆರೈಕೆಯವರನ್ನು ಮನೆಗೆ ಕಳಿಸುವ ಒಂದು ಬ್ಯೂರೋದಿಂದ ಬಾಯಿಯನ್ನು (ನೋಡಿಕೊಳ್ಳುವ ಹೆಂಗಸಿಗೆ ಇಲ್ಲಿ ಹಾಗೇ ಅನ್ನುತ್ತಾರೆ) ಇಟ್ಟುಕೊಂಡಿದ್ದೇವೆ, ಇದು ಎರಡನೇ ಮಳೆಗಾಲ.

ಸಿಟ್ಟು ಬಂದದ್ದು ಬದಲಿ ವಿಷಯಕ್ಕೆ. ಖಾಯಂ ಬಾಯಿ ರಜೆ ಹಾಕಿದ ದಿನ ಬ್ಯೂರೋದವರು ಯಾರನ್ನೋ ಕಳಿಸುತ್ತಿದ್ದರು, ಹೆಸರು ಕೂಡ ಮೊದಲೇ ಹೇಳುತ್ತಿರಲಿಲ್ಲ. ಮರೆವಿನವರಿಗೆ ಸಂಜೆಯಾದರೆ ಗಲಿಬಿಲಿ ಜಾಸ್ತಿ. ಆಗ ಗುರುತಿಲ್ಲದವರು ಬಾತ್‌ರೂಮಿಗೆ ಕರೆದರೆ ಹೋಗುತ್ತಾರಾ? ಒಮ್ಮೆ ಅತ್ತೆ ತಟ್ಟೆ ತಳ್ಳಿ "ಯಾರ್ ಈಕಿ, ನಮ್ಮನ್ಯಾಗ ಯಾಕದಾಳ?" ಅಂತ ಕೂಗಾಡಿ ಊಟವನ್ನೇ ಬಿಟ್ಟರು. ಬದಲಿಯವರ ಪೊಲೀಸ್ ವೆರಿಫಿಕೇಶನ್ ಕೇಳಿದರೆ "ಖಾಯಂ ಬಾಯಿದು ಕೊಟ್ಟಿದ್ದೀವಲ್ಲ" ಎಂಬ ಉತ್ತರ.

ಆ ಖಾಯಂ ಬಾಯಿ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ಕಡೆಯವರು, ಮನೆಮಾತು ಕನ್ನಡ. ಇದನ್ನು ನಾವು ಕೇಳಿ ಪಡೆದದ್ದಲ್ಲ, ತಾನಾಗಿ ಸಿಕ್ಕ ಪುಣ್ಯ. ಅತ್ತೆಗೆ ಈಗ ಮರಾಠಿ, ಹಿಂದಿ ಎರಡೂ ಹೊಳೆಯುವುದಿಲ್ಲ. ಸಂಜೆ ಚಹಾ ಆದ ಮೇಲೆ ಕೊಬ್ಬರಿ ಎಣ್ಣೆ ಸ್ವಲ್ಪ ಬೆಚ್ಚಗೆ ಮಾಡಿ, ಹಿಂದೆ ಕೂತು, ಸಿಕ್ಕು ಬಿಡಿಸಿ ತೆಳ್ಳಗೆ ಜಡೆ ಹಾಕುತ್ತಾರೆ. ಅಷ್ಟು ಹೊತ್ತೂ ಅತ್ತೆಯ ಕೈಗೆ ಬಟಾಣಿ ಸುಲಿಯಲು ಕೊಟ್ಟಿರುತ್ತಾರೆ. ಅತ್ತೆ ಧಾರವಾಡದ ಮನೆ, ಹಿತ್ತಲು ಅಂತ ಶುರು ಮಾಡಿದರೆ ಇವರು "ಹೌದ್ರೀ ಅವ್ವಾ, ಆಮೇಲೆ?" ಅನ್ನುತ್ತಾರೆ. ಕೇಳಿದ್ದನ್ನೇ ಎಷ್ಟು ಸಲ ಕೇಳಿದರೂ ಬೇಸರವಿಲ್ಲ.

ಕೆಲಸದ ಗಡಿ ಮಾತ್ರ ಗೊತ್ತಿರಲಿ. ಸ್ನಾನ, ಡೈಪರ್, ಊಟ ಮಾಡಿಸುವುದು, ಕೈ ಹಿಡಿದು ನಡೆಸುವುದು, ಮಾತ್ರೆ ನೆನಪಿಸುವುದು ಇವರದ್ದು. ಇಂಜೆಕ್ಷನ್, ಕ್ಯಾಥೆಟರ್, ಗಾಯದ ಡ್ರೆಸ್ಸಿಂಗ್‌ಗೆ ನರ್ಸೇ ಬೇಕು. ಇಡೀ ಮನೆಯ ಪಾತ್ರೆ ತೊಳೆಸಬೇಡಿ. ಮೆಡಿಕ್ಲೇಮ್‌ನಲ್ಲಿ ಈ ಖರ್ಚು ಸಾಮಾನ್ಯವಾಗಿ ಸಿಗುವುದಿಲ್ಲ, ಎಲ್ಲಾ ಕೈಯಿಂದಲೇ.

ತುಂಬಾ ಜಗಳವಾಡಿದ ಮೇಲೆ ಬ್ಯೂರೋದವರು ಒಬ್ಬರನ್ನೇ ಬದಲಿಗೆ ಗೊತ್ತು ಮಾಡಿದರು. ಅವರ ವೆರಿಫಿಕೇಶನ್ ಕಾಗದವೂ ಬಂತು. ಖಾಯಂ ಬಾಯಿ ಇರುವಾಗಲೇ ಬಂದು ಅತ್ತೆಯ ಜೊತೆ ಕೂತು ಹೋಗಿದ್ದರು. ಈಗ ಅವರ ಕೈಯಲ್ಲಿ ಅತ್ತೆ ಊಟ ಮಾಡುತ್ತಾರೆ, ಸ್ನಾನಕ್ಕೆ ಇನ್ನೂ ಒಪ್ಪಿಲ್ಲ. ನೀವು ಅಡ್ವಾನ್ಸ್ ಕಟ್ಟುವ ಮೊದಲೇ ರಜೆಯ ದಿನ ಬರುವವರ ಹೆಸರು ಬರೆಸಿಕೊಳ್ಳಿ. ಕಮಿಷನ್ ಕಳೆದು ಬಾಯಿಯ ಕೈಗೆ ಎಷ್ಟು ಸೇರುತ್ತದೆ ಅಂತಲೂ ಕೇಳಿ, ಕಡಿಮೆ ಕೊಟ್ಟರೆ ಒಳ್ಳೆಯವರು ನಿಲ್ಲುವುದಿಲ್ಲ. ನಮ್ಮ ಬ್ಯೂರೋದವರು ಇದಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ.