ನಾಡದೋಣಿಗೆ ಕೊಂಡ ದ್ರವದ ಕಂಪಾಸ್

ಮಲ್ಪೆ ಬಂದರಿನ ಅಂಗಡಿಯಲ್ಲಿ ಕೊಂಡ, ದಿಕ್ಕು ತೋರಿಸುವ ಈ ಕಂಪಾಸನ್ನು ನಾಡದೋಣಿ ಇರುವ ಪ್ರತಿಯೊಬ್ಬರೂ ಕೊಳ್ಳಬೇಕು ಎಂದು ಧೈರ್ಯವಾಗಿ ಹೇಳುತ್ತೇನೆ. ಬಟ್ಟಲಿನ ತುಂಬ ದ್ರವವಿರುವುದರಿಂದ ಅಲೆ ಹೊಡೆದರೂ ಅಂಕಿಗಳ ತಟ್ಟೆ ಗಡಬಡಿಸುವುದಿಲ್ಲ. ಮೆಲ್ಲಗೆ ತಿರುಗಿ ನಿಲ್ಲುತ್ತದೆ.

ಜನವರಿಯ ಒಂದು ಬೆಳಗಿನ ಜಾವ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಹಿಂದೆ ಕುಳಿತವನಿಗೆ ದೋಣಿಯ ಮುಂತುದಿಯೇ ಮಸುಕು. ಬ್ಯಾಟರಿಯ ತಂತಿಗೆ ಉಪ್ಪು ಹಿಡಿದು ಜಿಪಿಎಸ್ ಆರಿಹೋಯಿತು. ನಮ್ಮ ಕರಾವಳಿ ಹೆಚ್ಚುಕಡಿಮೆ ಉತ್ತರ-ದಕ್ಷಿಣವಾಗಿ ಚಾಚಿದೆ. 90 ಡಿಗ್ರಿ, ಅಂದರೆ ನೇರ ಪೂರ್ವ ಹಿಡಿದರೆ ದಡ ಸಿಗಲೇಬೇಕು. ಆದರೆ ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಗಳ ಬಂಡೆಗಳ ಭಯ ಇದ್ದೇ ಇತ್ತು. ಎಂಜಿನ್ ತಗ್ಗಿಸಿ, ಗುಂಡು ಕಟ್ಟಿದ ಹಗ್ಗ ಇಳಿಬಿಟ್ಟು ಆಳ ನೋಡುತ್ತ, ಎರಡು ನಿಮಿಷ ಮೀರದಂತೆ ಸೀಟಿ ಊದುತ್ತ ಬಂದೆವು. 12 ಮೀಟರಿಗಿಂತ ಚಿಕ್ಕ ದೋಣಿಯೂ ಮಂಜಿನಲ್ಲಿ ಹೀಗೆ ಸದ್ದು ಮಾಡಲೇಬೇಕೆಂದು ಅಂತರರಾಷ್ಟ್ರೀಯ ನಿಯಮವಿದೆ. ನಡುನಡುವೆ ಎಂಜಿನ್ ನಿಲ್ಲಿಸಿ ಬೇರೆ ದೋಣಿಗಳ ಸದ್ದಿಗೆ ಕಿವಿಗೊಟ್ಟೆವು. ಅಷ್ಟು ಹೊತ್ತೂ ಕಂಪಾಸ್ ನಮ್ಮನ್ನು ದಾರಿ ತಪ್ಪಿಸಲಿಲ್ಲ.

ಜೋಡಿಸುವಾಗ ಮಾತ್ರ ಎಚ್ಚರ ಬೇಕು. ಮೊಬೈಲ್, ರೇಡಿಯೋದ ಸ್ಪೀಕರ್, ಕಬ್ಬಿಣದ ಲಂಗರು ಹತ್ತಿರವಿದ್ದರೆ ಅಂಕಿ ಸರಿಯುತ್ತದೆ; ಎಂಜಿನ್ ಚಾಲೂ ಮಾಡಿಯೂ ಒಮ್ಮೆ ಪರೀಕ್ಷಿಸಿ. ಒಳಗಿನ ದೀಪ ದೋಣಿಯ ಬ್ಯಾಟರಿಯಿಂದಲೇ ಉರಿಯುವುದು ನನಗೆ ಹಿಡಿಸಲಿಲ್ಲ, ಕತ್ತಲಲ್ಲಿ ಬೇರೆ ಟಾರ್ಚ್ ಇರಲೇಬೇಕು. ಜೊತೆಗೆ ಕೊಟ್ಟ ಕಬ್ಬಿಣದ ಸ್ಕ್ರೂಗಳನ್ನು ಬಿಸಾಡಿ ಹಿತ್ತಾಳೆಯವನ್ನು ಹಾಕಿ.