ಕಡಿಮೆ ನೀರಿನ ಬೋರ್‌ವೆಲ್: ಗೇಟ್ ವಾಲ್ವ್, ಟೈಮರ್, ಸೆನ್ಸಾರ್, ಡ್ರೈ ರನ್ ಪ್ರೊಟೆಕ್ಟರ್ ನಾಲ್ಕನ್ನೂ ಬಳಸಿ ನೋಡಿದ ಮೇಲೆ

ನಮ್ಮ ಬೋರ್‌ವೆಲ್‌ನಲ್ಲಿ ಮೋಟಾರ್ ಹಾಕಿದರೆ ಹನ್ನೊಂದು ಹನ್ನೆರಡು ನಿಮಿಷ ನೀರು ಜೋರಾಗಿ ಬರುತ್ತದೆ. ಆಮೇಲೆ ಪೈಪು ಗಾಳಿ ಉಗುಳಲು ಶುರು ಮಾಡುತ್ತದೆ. ನೀರು ಬಿಟ್ಟು ಬಿಟ್ಟು ಬರುತ್ತದೆ, ಕೆಂಪಗಾಗುತ್ತದೆ, ನಿಂತೇ ಹೋಗುತ್ತದೆ. ಮೊದಲೆಲ್ಲ ನಾವು ಮಾಡುತ್ತಿದ್ದದ್ದು ಇಷ್ಟೇ: ರಾತ್ರಿಯಿಡೀ ಬೋರ್‌ಗೆ ರೆಸ್ಟ್ ಕೊಡುವುದು, ಬೆಳಿಗ್ಗೆ ಒಂದೇ ಸಲ ಪೂರ್ತಿ ಎಳೆಯುವುದು. ಒಂದು ದಿನ ಆಫ್ ಮಾಡುವುದು ಮರೆತುಹೋಯಿತು. ಮೋಟಾರ್ ಸುಟ್ಟಿತು. ಸಬ್‌ಮರ್ಸಿಬಲ್ ಮೋಟಾರ್, ಅಂದರೆ ಬೋರ್ ಒಳಗೆ ನೀರಲ್ಲೇ ಮುಳುಗಿರುವ ಮೋಟಾರ್, ತಣ್ಣಗಿರುವುದೇ ಅದನ್ನು ದಾಟಿ ಹರಿಯುವ ನೀರಿನಿಂದ. ಆ ನೀರು ನಿಂತರೆ ಅದು ಜಾಸ್ತಿ ಹೊತ್ತು ತಡೆಯುವುದಿಲ್ಲ.

ಹೊಸ ಮೋಟಾರ್ ಇಳಿಸಿದ ಮೇಲೆ ಒಂದು ಹಗಲು, ಒಂದು ರಾತ್ರಿ ಕೂತು ಅಳತೆ ತೆಗೆದೆ. ಮೊದಲೇ ಮಾಡಬೇಕಿದ್ದ ಕೆಲಸ ಇದು. 20 ಲೀಟರ್ ಬಕೆಟ್ ತುಂಬಲು 30 ಸೆಕೆಂಡ್, ಅಂದರೆ ಮೋಟಾರ್ ನಿಮಿಷಕ್ಕೆ 40 ಲೀಟರ್ ಎತ್ತುತ್ತದೆ. ಬೋರ್ ಖಾಲಿ ಮಾಡಿ ಒಂದು ಗಂಟೆ ಬಿಟ್ಟು ಎಳೆದರೆ 150 ಲೀಟರ್ ಸಿಕ್ಕಿತು. ಎರಡು ಗಂಟೆ ಬಿಟ್ಟರೆ 250. ನಾಲ್ಕು ಗಂಟೆಗೆ 370. ರಾತ್ರಿ ಎಂಟು ಗಂಟೆ ಬಿಟ್ಟು ಎಳೆದಾಗ 455.

ಈ ಲೆಕ್ಕವನ್ನು ಇನ್ನೊಂದು ಸಲ ನೋಡಿ. ಎಂಟು ಗಂಟೆಯಲ್ಲಿ ಒಂದೇ ಸಲ ಎಳೆದರೆ 455 ಲೀಟರ್. ಅದೇ ಎಂಟು ಗಂಟೆಯಲ್ಲಿ ಗಂಟೆಗೊಮ್ಮೆ ಎಳೆದರೆ 1200 ಲೀಟರ್. ಬೋರ್ ಅದೇ, ನೀರು ಅದೇ! ಬೋರ್ ಒಳಗೆ ನೀರಿನ ಮಟ್ಟ ಕೆಳಗಿದ್ದಷ್ಟೂ ಬಂಡೆಯ ಬಿರುಕುಗಳಿಂದ ನೀರು ಬೇಗ ಬೇಗ ಇಳಿಯುತ್ತದೆ. ಮಟ್ಟ ಮೇಲೇರಿದಂತೆ ಒಳಹರಿವು ನಿಧಾನವಾಗುತ್ತಾ ಬರುತ್ತದೆ. ಹಳೆಯ ಮಟ್ಟ ಮುಟ್ಟಿದ ಮೇಲೆ ನಿಂತುಬಿಡುತ್ತದೆ. ರಾತ್ರಿಯಿಡೀ ರೆಸ್ಟ್ ಕೊಟ್ಟು ನಾವು ನೀರು ಉಳಿಸುತ್ತಿರಲಿಲ್ಲ, ಬರುವ ನೀರನ್ನು ತಡೆಯುತ್ತಿದ್ದೆವು. ಅರ್ಧ ಗಂಟೆಗೊಮ್ಮೆಯೂ ಎಳೆದು ನೋಡಿದೆ. ಎರಡು ಸಲ ಸೇರಿಸಿ ಗಂಟೆಗೆ 165 ಲೀಟರ್ ಹತ್ತಿರ ಬಂತು. ಅಷ್ಟು ಸಣ್ಣ ಲಾಭಕ್ಕೆ ಮೋಟಾರ್ ಎರಡು ಪಟ್ಟು ಸಲ ಸ್ಟಾರ್ಟ್ ಆಗಬೇಕು. ಪ್ರತಿ ಸ್ಟಾರ್ಟಿಗೂ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಹಾಗಾಗಿ ಗಂಟೆಗೊಮ್ಮೆಯೇ ಸರಿ ಅಂತ ತೀರ್ಮಾನಿಸಿದೆ.

ನಾವು ಐದು ಜನ. ದಿನಕ್ಕೆ 700 ಲೀಟರ್ ಬೇಕು. ನೀರು ಸಾಲದೆ ಇರಲಿಲ್ಲ, ಅದನ್ನು ಹಿಡಿದಿಡುವ ಜಾಗ ಇರಲಿಲ್ಲ. ನೆಲದ ಮೇಲೆ 1000 ಲೀಟರ್ ಟ್ಯಾಂಕ್ ಇಟ್ಟು, ಅಲ್ಲಿಂದ ಮನೆಗೆ ಬೇರೆ ಸಣ್ಣ ಪಂಪ್ ಹಾಕಿದೆವು. ಇದಿಲ್ಲದೆ ಮುಂದೆ ಹೇಳುವ ಯಾವುದೂ ಕೆಲಸಕ್ಕೆ ಬರುವುದಿಲ್ಲ. ಇನ್ನು ಉಳಿದ ಪ್ರಶ್ನೆ, ಗಂಟೆಗೊಮ್ಮೆ ಎಳೆದು ಸರಿಯಾದ ಹೊತ್ತಿಗೆ ನಿಲ್ಲಿಸುವವರು ಯಾರು ಅನ್ನೋದು.

ಮೊದಲು ಗೇಟ್ ವಾಲ್ವ್. ಎಲ್ಲರೂ ಕೊಡುವ ಸಲಹೆ ಇದೇ ಅಲ್ವಾ, ವಾಲ್ವ್ ಅರ್ಧ ಮುಚ್ಚಿ ನಿಧಾನವಾಗಿ ಎಳೆಯಿರಿ ಅಂತ. ನಿಮಿಷಕ್ಕೆ 8 ಲೀಟರ್ ಬರುವಷ್ಟು ಮುಚ್ಚಿದೆ. ಗಾಳಿ ಹೊಡೆಯುವುದು ಒಂದು ಗಂಟೆಗೂ ಮೇಲೆ ಮುಂದಕ್ಕೆ ಹೋಯಿತು, ತಪ್ಪಲಿಲ್ಲ. ನಮ್ಮ ಬೋರ್‌ಗೆ ಬರುವುದೇ ನಿಮಿಷಕ್ಕೆ ಎರಡೂವರೆ ಲೀಟರ್. ಅಷ್ಟಕ್ಕೆ ವಾಲ್ವ್ ಬಿಗಿದರೆ ಪಂಪ್ ಒಳಗಿನ ನೀರೇ ಬಿಸಿಯಾಗುತ್ತದೆ. ಮೋಟಾರ್ ಓಡುವ ಹೊತ್ತು ಐದು ಪಟ್ಟಾಯಿತು. ನೀರು ಕಡಿಮೆಯಾದಷ್ಟು ಕರೆಂಟ್ ಕಡಿಮೆಯಾಗಲಿಲ್ಲ. ಎರಡೇ ವಾರಕ್ಕೆ ಕೈಬಿಟ್ಟೆ.

ಟೈಮರ್ ಎಲ್ಲಕ್ಕಿಂತ ಅಗ್ಗ, ಅರ್ಧ ಗಂಟೆಯಲ್ಲಿ ಜೋಡಿಸಬಹುದು. ಆದರೆ ಒಂದೊಂದು ಹಲ್ಲಿಗೆ 15 ನಿಮಿಷದಂತೆ ಹೊಂದಿಸುವ ಮಾಮೂಲಿ ಟೈಮರ್ ಬೇಡ. ನಮಗೆ ಬೇಕಿದ್ದದ್ದು ಗಂಟೆಗೆ ಮೂರೂವರೆ ನಿಮಿಷ. ಅದಕ್ಕೆ ಆನ್ ಎಷ್ಟು, ಆಫ್ ಎಷ್ಟು ಅಂತ ಬೇರೆ ಬೇರೆ ಹೊಂದಿಸುವ ಸೈಕ್ಲಿಕ್ ಟೈಮರ್ ಬೇಕು. ಮಳೆಗಾಲದಲ್ಲಿ ಚೆನ್ನಾಗಿ ನಡೆಯಿತು. ಬೇಸಿಗೆ ಬಂದಾಗ ಗಂಟೆಯ ನೀರು 110 ಲೀಟರಿಗೆ ಇಳಿಯಿತು. ಟೈಮರ್‌ಗೆ ಅದು ಗೊತ್ತಾಗಬೇಕಲ್ಲ! ಕೊನೆಯ ಮುಕ್ಕಾಲು ನಿಮಿಷ ಪ್ರತಿ ಸಲ ಒಣಗೇ ಓಡುತ್ತಿತ್ತು. ಇನ್ನೊಂದು ತೊಂದರೆ, ನಮ್ಮ ಟೈಮರ್ ಕರೆಂಟ್ ಹೋಗಿ ಬಂದಾಗಲೆಲ್ಲ ಮೊದಲಿನಿಂದ, ಅಂದರೆ ಆನ್‌ನಿಂದಲೇ ಶುರು ಮಾಡುತ್ತಿತ್ತು.

ಸೆನ್ಸಾರ್ ಮೇಲೆ ನನಗೆ ತುಂಬಾ ನಂಬಿಕೆ ಇತ್ತು. ಪೈಪಿನ ಜೊತೆಗೆ ತಂತಿ ಇಳಿಸಿ, ಪಂಪ್‌ಗಿಂತ 10 ಅಡಿ ಮೇಲೆ ಒಂದು ಪ್ರೋಬ್ (ನೀರು ತಾಗಿದೆಯೋ ಇಲ್ಲವೋ ತಿಳಿಸುವ ತುದಿ), ಅದರಿಂದ 25 ಅಡಿ ಮೇಲೆ ಇನ್ನೊಂದು ಕಟ್ಟಿದೆವು. ಆರು ಇಂಚಿನ ಬೋರ್‌ನಲ್ಲಿ ಅಡಿಗೆ ಸುಮಾರು 5.5 ಲೀಟರ್ ನೀರು ನಿಲ್ಲುತ್ತದೆ. ಆ 25 ಅಡಿಯಲ್ಲಿ 140 ಲೀಟರ್ ಸಿಗುತ್ತದೆ. ಮೇಲಿನದು ನೆನೆದರೆ ಮೋಟಾರ್ ಆನ್, ಕೆಳಗಿನದು ಒಣಗಿದರೆ ಆಫ್. ನೀರಿನ ಗುಣದಲ್ಲಿ ಇದನ್ನು ಮೀರಿಸಿದ್ದು ಇಲ್ಲ. ಪಂಪ್ ಯಾವತ್ತೂ ಒಣಗುವುದಿಲ್ಲ, ತಳದ ಕೆಸರು ಕದಡುವುದಿಲ್ಲ. ಟ್ಯಾಂಕಿನ ಮುಚ್ಚಳ ತೆಗೆದರೆ ತಳ ಕಾಣುತ್ತಿತ್ತು. ಮೊದಲಾದರೆ ಅಲ್ಲಿ ಬೆರಳಲ್ಲಿ ಗೆರೆ ಎಳೆಯಬಹುದಾದಷ್ಟು ಕೆಂಪು ಮಣ್ಣು ಕೂತಿರುತ್ತಿತ್ತು.

ಆದರೆ ಮೂರನೇ ತಿಂಗಳಲ್ಲಿ ಒಂದು ರಾತ್ರಿ ಮೋಟಾರ್ ನಿಲ್ಲಲೇ ಇಲ್ಲ. ಪೈಪಿನ ಬಾಯಿಗೆ ಕಿವಿ ಕೊಟ್ಟರೆ ಬರೀ ಗಾಳಿ. ಬೋರ್‌ನ ಮೇಲ್ಭಾಗದ ಬಿರುಕಿನಿಂದ ಇಳಿಯುವ ನೀರು ಕೆಳಗಿನ ಪ್ರೋಬ್ ಮೇಲೇ ಬಿದ್ದು ಅದನ್ನು ಒದ್ದೆಯಾಗಿಡುತ್ತಿತ್ತು. ಪೈಪು ಪೂರ್ತಿ ಮೇಲೆತ್ತಿ, ಪ್ರೋಬ್‌ಗಳಿಗೆ ತಳ ತೆರೆದ ಸಣ್ಣ ಪ್ಲಾಸ್ಟಿಕ್ ಕೊಳವೆ ಹೊದಿಸಿದ ಮೇಲೆ ಸರಿಹೋಯಿತು. ವರ್ಷ ಕಳೆದ ಮೇಲೆ ಪ್ರೋಬ್‌ಗಳ ಮೇಲೆ ಬಿಳಿ ಪದರ ಕಟ್ಟಿ ಮತ್ತೆ ಕೈಕೊಟ್ಟವು. ಮತ್ತೆ ಪೈಪು ಎತ್ತಬೇಕು. ಸಣ್ಣ ರಿಪೇರಿಗೂ ಇಡೀ ಪೈಪು ಎತ್ತುವ ಆ ಕೆಲಸ ನನಗೆ ಸಾಕಾಯಿತು.

ಈಗ ಇರುವುದು ಡ್ರೈ ರನ್ ಪ್ರೊಟೆಕ್ಟರ್. ಮೋಟಾರ್ ಎಷ್ಟು ಕರೆಂಟ್ ಎಳೆಯುತ್ತಿದೆ ಅಂತ ನೋಡಿ, ನೀರಿಲ್ಲದೆ ಓಡತೊಡಗಿದರೆ ಆಫ್ ಮಾಡುವ ಸಾಧನ ಇದು. ಎಲ್ಲವೂ ಮೇಲೆ ಸ್ಟಾರ್ಟರ್ ಪೆಟ್ಟಿಗೆಯಲ್ಲೇ ಇರುತ್ತದೆ, ಬೋರ್ ಒಳಗೆ ಏನೂ ಇಳಿಸಬೇಕಿಲ್ಲ. ನೀರು ತುಂಬಿ ಬರುವಾಗ ನಮ್ಮ ಮೋಟಾರ್ 7 ಆಂಪ್ ಎಳೆಯುತ್ತದೆ. ಗಾಳಿ ಹೊಡೆಯುವಾಗ 4.5ಕ್ಕೆ ಇಳಿಯುತ್ತದೆ. 5.5ಕ್ಕೆ ಸೆಟ್ ಮಾಡಿದ್ದೇನೆ. ಅದರ ಕೆಳಗಿಳಿದು ಕೆಲವು ಸೆಕೆಂಡ್ ಆದರೆ ಆಫ್ ಆಗಿ, 60 ನಿಮಿಷ ಕಾದು ತಾನೇ ಶುರುವಾಗುತ್ತದೆ. ಬೇಸಿಗೆಯಲ್ಲಿ ನೀರು ಕಡಿಮೆಯಾದರೆ ಬೇಗ ನಿಲ್ಲುತ್ತದೆ, ಮಳೆಗಾಲದಲ್ಲಿ ಜಾಸ್ತಿ ಹೊತ್ತು ಓಡುತ್ತದೆ. ಯಾರೂ ಹೇಳಿಕೊಡಬೇಕಿಲ್ಲ. ಸೆನ್ಸಾರ್‌ನಷ್ಟು ತಿಳಿ ನೀರು ಇದರಲ್ಲಿ ಬರುವುದಿಲ್ಲ, ಅದು ನಿಜ. ಪ್ರತಿ ಸಲ ಪಂಪ್ ತನಕ ಖಾಲಿಯಾಗುತ್ತದಲ್ಲ. ಪಂಪನ್ನು ತಳದಿಂದ 15 ಅಡಿ ಮೇಲಕ್ಕೆತ್ತಿದ ಮೇಲೆ ಕೆಸರು ಬಹುಪಾಲು ನಿಂತಿತು. ನನ್ನ ಆಯ್ಕೆ ಇದೇ.

ನೀವೂ ಇದನ್ನೇ ಹಾಕಿಸುವುದಾದರೆ ಎರಡು ಮಾತು. ವಾಲ್ವ್ ಮುಚ್ಚಿಟ್ಟು ಪ್ರೊಟೆಕ್ಟರ್ ಹಾಕಬೇಡಿ. ವಾಲ್ವ್ ಬಿಗಿದರೂ ಆಂಪ್ ಇಳಿಯುತ್ತದೆ, ನೀರಿದ್ದರೂ ಬೋರ್ ಒಣಗಿದೆ ಅಂತ ಅದು ತಿಳಿಯುತ್ತದೆ. ಒಂದು ಇಡೀ ದಿನ ನಮಗೆ ಹೀಗೆ ನೀರೇ ಬರಲಿಲ್ಲ. ಹಾಗೇ, ಟ್ಯಾಂಕ್ ತುಂಬಿದಾಗ ನೀರು ನಿಲ್ಲಿಸಲು ಬಾಲ್ ಕಾಕ್ (ತೇಲುವ ಚೆಂಡು ಮೇಲೆದ್ದಾಗ ಮುಚ್ಚಿಕೊಳ್ಳುವ ನಲ್ಲಿ) ಬೇಡ, ಮೋಟಾರನ್ನೇ ಆಫ್ ಮಾಡುವ ಫ್ಲೋಟ್ ಸ್ವಿಚ್ ಹಾಕಿ. ಬಾಲ್ ಕಾಕ್ ಪೂರ್ತಿ ಮುಚ್ಚಿಕೊಂಡರೆ ಪಂಪ್ ಮುಚ್ಚಿದ ಪೈಪಿನ ಎದುರು ಓಡುತ್ತಿರುತ್ತದೆ.

ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲ ಒಳಗಡೆ ಒಂದು ಚೀಟಿ ಅಂಟಿಸಿದ್ದೇನೆ: 7, 4.5, 5.5, 60. ನಾನು ಊರಲ್ಲಿಲ್ಲದಾಗ ಯಾರಾದರೂ ಗುಂಡಿ ತಿರುಗಿಸಿಬಿಟ್ಟರೆ ಮತ್ತೆ ಎಲ್ಲಿಗೆ ತರಬೇಕು ಅಂತ ಮನೆಯವರಿಗೆ ಗೊತ್ತಾಗಲಿ ಅಂತ.