ಸಿ.ಡಿ. ವೇಷದ ವೈಫೈ ಡಾಂಗಲ್: ಲಿನಕ್ಸ್ ಮಿಂಟ್ ಜೊತೆ ಬಹುಕಾಲದ ಬಳಕೆ

ಐದಕ್ಕೆ ಮೂರು ನಕ್ಷತ್ರ. ಒಂದನ್ನು ಕಳೆದದ್ದು ಡಬ್ಬಿಯ ಮೇಲೆ ಅಚ್ಚಾದ ‘ಲಿನಕ್ಸ್‌ಗೂ ಆಗುತ್ತದೆ’ ಎಂಬ ಮಾತು, ಇನ್ನೊಂದನ್ನು ಕಳೆದದ್ದು ಇದರ ವೇಷ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ಆಮೇಲೆ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿಕೊಂಡವರು ಮೊದಲು ಎಡವುವುದು ಸಾಮಾನ್ಯವಾಗಿ ವೈಫೈಯಲ್ಲೇ. ಒಳಗಿನ ಕಾರ್ಡ್ ಕೈಕೊಟ್ಟರೆ ಕಡಿಮೆ ಖರ್ಚಿನ ದಾರಿ ಯುಎಸ್‌ಬಿ ಡಾಂಗಲ್, ಅಂದರೆ ಪೋರ್ಟಿಗೆ ಚುಚ್ಚುವ ಪುಟ್ಟ ವೈಫೈ ಸಾಧನ. ಇಲ್ಲಿ ಹೇಳುತ್ತಿರುವುದು ಆರ್‌ಟಿಎಲ್8821ಸಿಯು ಚಿಪ್ ಇರುವ ಡಾಂಗಲ್ ಬಗ್ಗೆ. ಇದೇ ಚಿಪ್ ಬೇರೆಬೇರೆ ಹೆಸರಿನ ಡಬ್ಬಿಗಳಲ್ಲಿ ಬರುವುದರಿಂದ ಬ್ರ್ಯಾಂಡ್ ಹಿಡಿದು ಜಗಳವಾಡಿ ಫಲವಿಲ್ಲ. ವೇಗದ ಲೆಕ್ಕ ಡಬ್ಬಿಯ ಮೇಲೇ ಇದೆ.

ಚುಚ್ಚಿದ ತಕ್ಷಣ ನೆಟ್‌ವರ್ಕ್ ಪಟ್ಟಿ ಖಾಲಿ. ಬದಲಿಗೆ ಡೆಸ್ಕ್‌ಟಾಪ್ ಮೇಲೆ ಒಂದು ಸಿ.ಡಿ. ಚಿತ್ರ ಮೂಡುತ್ತದೆ! ಕಾರಣ ಸರಳ: ಡಾಂಗಲ್ ಒಳಗೊಂದು ಪುಟ್ಟ ಮೆಮೊರಿ ಇದೆ, ಅದರಲ್ಲಿ ವಿಂಡೋಸ್ ಡ್ರೈವರ್ (ಸಾಧನವನ್ನು ನಡೆಸುವ ತಂತ್ರಾಂಶ) ಇದೆ. ಮೊದಲು ಅದು ಸಿ.ಡಿ. ಡ್ರೈವ್ ಎಂದು ತನ್ನನ್ನು ಪರಿಚಯಿಸಿಕೊಳ್ಳುತ್ತದೆ. ಡ್ರೈವರ್ ಕೂತ ಮೇಲಷ್ಟೇ ವೈಫೈ ಆಗಿ ಬದಲಾಗುತ್ತದೆ. ವಿಂಡೋಸ್ ಬಳಸುವವರಿಗೆ ಇದು ಉಪಕಾರ, ನಮಗೆ ಉಪದ್ರವ. ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆ ಬರೆಯುವ ಕಿಟಕಿಯಲ್ಲಿ, ‘ಎಲ್‌ಎಸ್‌ಯುಎಸ್‌ಬಿ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಕೊಟ್ಟು ನೋಡಿ. 0ಬಿಡಿಎ:1ಎ2ಬಿ ಎಂದು ಕಂಡರೆ ಅದಿನ್ನೂ ಸಿ.ಡಿ.; 0ಬಿಡಿಎ:ಸಿ811 ಎಂದಾದರೆ ವೇಷ ಕಳಚಿದೆ ಎಂದರ್ಥ.

ಕಳಚಿಸುವುದು ಕಷ್ಟವಲ್ಲ. ಆ ಸಿ.ಡಿ. ಚಿತ್ರದ ಮೇಲೆ ಬಲ ಕ್ಲಿಕ್ ಮಾಡಿ ‘ಇಜೆಕ್ಟ್’ ಒತ್ತಿ. ನಾಲ್ಕೈದು ಸೆಕೆಂಡಿನಲ್ಲಿ ಪಕ್ಕದ ಮನೆಯ ವೈಫೈಗಳೆಲ್ಲ ಪಟ್ಟಿಯಲ್ಲಿ ಸಾಲುಗಟ್ಟುತ್ತವೆ. ಆಗದಿದ್ದರೆ ‘ಸುಡೊ ಯುಎಸ್‌ಬಿ_ಮೋಡ್‌ಸ್ವಿಚ್ -ಕೆ -ವಿ 0ಬಿಡಿಎ -ಪಿ 1ಎ2ಬಿ’. ಇದರಲ್ಲಿ ಕೆ ಮಾತ್ರ ದೊಡ್ಡಕ್ಷರ, ಉಳಿದದ್ದೆಲ್ಲ ಚಿಕ್ಕಕ್ಷರ. ಈ ಬದಲಾವಣೆ ತಾನಾಗಿಯೇ ನಡೆಯಬೇಕು, ಎಷ್ಟೋ ಬಾರಿ ನಡೆಯುವುದೂ ಹೌದು. ಆದರೆ ಲ್ಯಾಪ್‌ಟಾಪ್ ನಿದ್ದೆಯಿಂದೆದ್ದಾಗ ಹಳೆಯ ವೇಷ ಮರಳಿ ಬರುವುದುಂಟು. ಮುಚ್ಚಳ ತೆರೆದು, ಇಜೆಕ್ಟ್ ಒತ್ತಿ, ನೀಲಿ ದೀಪ ಮಿನುಗುವುದನ್ನು ಕಾಯುವುದು ಬೆಳಗಿನ ಕಾಫಿಯಷ್ಟೇ ರೂಢಿಯಾಗಿಬಿಡುತ್ತದೆ.

ಯೂಟ್ಯೂಬ್ ನೋಡಿ ಗಿಟ್‌ಹಬ್‌ನಿಂದ ಡ್ರೈವರ್ ಇಳಿಸಲು ಓಡಬೇಡಿ. ಈ ಚಿಪ್‌ನ ಡ್ರೈವರ್ 6.2ನೇ ಆವೃತ್ತಿಯಿಂದ ಕರ್ನೆಲ್ (ಲಿನಕ್ಸ್‌ನ ತಿರುಳು) ಒಳಗೇ ಇದೆ. 2024ರಲ್ಲಿ ಬಂದ ಮಿಂಟ್ 22ರಲ್ಲಿರುವುದು 6.8. ಹೊರಗಿನ ಡ್ರೈವರನ್ನೂ ಹಾಕಿದರೆ ಒಂದೇ ಡಾಂಗಲ್‌ಗೆ ಇಬ್ಬರು ಯಜಮಾನರು. ಮುಂದೆ ಕರ್ನೆಲ್ ಅಪ್‌ಡೇಟ್ ಆದಾಗ ಆ ಹೊರಗಿನ ಡ್ರೈವರ್ ಮತ್ತೆ ಕಂಪೈಲ್ ಆಗದೆ ಮುರಿದು ಬೀಳಬಹುದು. ಸೆಕ್ಯೂರ್ ಬೂಟ್ (ಸಹಿಯಿಲ್ಲದ ತಂತ್ರಾಂಶವನ್ನು ತಡೆಯುವ ವ್ಯವಸ್ಥೆ) ಆನ್ ಇದ್ದರಂತೂ ರೀಸ್ಟಾರ್ಟ್ ವೇಳೆ ನೀಲಿ ಪರದೆಯಲ್ಲಿ ಕೀ ದಾಖಲಿಸಬೇಕು. ಅದನ್ನು ದಾಟಿಸಿಬಿಟ್ಟರೆ ಡ್ರೈವರ್ ಲೋಡ್ ಆಗುವುದೇ ಇಲ್ಲ.

ವೇಷದ ಮೇಲಿನ ಸಿಟ್ಟು ಇಲ್ಲಿಗೆ ಸಾಕು. ಒಮ್ಮೆ ವೈಫೈ ಆದ ಮೇಲೆ ಡಾಂಗಲ್ ನಿಯತ್ತಿನದು. ‘ನೆಟ್ ಇಲ್ಲ’ ಎಂದಾಗಲೆಲ್ಲ ಅದನ್ನೇ ಬೈಯುವುದು ಅನ್ಯಾಯ. ಮೂರು ಪಿಂಗ್ (ಒಂದು ವಿಳಾಸದಿಂದ ಉತ್ತರ ಬರುವುದೇ ಎಂದು ನೋಡುವ ಆಜ್ಞೆ) ಹಾಕಿದರೆ ತಪ್ಪು ಯಾರದೆಂದು ತಿಳಿಯುತ್ತದೆ. ‘ಐಪಿ ರೂಟ್’ ಕೊಟ್ಟಾಗ ‘ಡಿಫಾಲ್ಟ್ ವಯಾ’ ಮುಂದೆ ಕಾಣುವುದು ರೂಟರ್ ವಿಳಾಸ, ಉದಾಹರಣೆಗೆ 192.168.1.1. ಮೊದಲು ಅದಕ್ಕೆ ‘ಪಿಂಗ್ -ಸಿ 4’. ವಿಂಡೋಸ್‌ನಂತೆ ಇಲ್ಲಿ ಪಿಂಗ್ ನಾಲ್ಕಕ್ಕೆ ತಾನೇ ನಿಲ್ಲುವುದಿಲ್ಲ, ಅದಕ್ಕೇ ಈ -ಸಿ. ಉತ್ತರ ಬರದಿದ್ದರೆ ದೋಷ ನಿಮಗೂ ರೂಟರಿಗೂ ನಡುವೆ. ಬಂದರೆ ಗೂಗಲ್‌ನ 8.8.8.8ಕ್ಕೆ ಹಾಕಿ. ಇಲ್ಲಿ ನಿಂತರೆ ರೂಟರ್ ಆಚೆಗಿನ ಲೈನ್ ನೋಡಿ, ಕೇಬಲ್‌ನವರಿಗೆ ಫೋನ್ ಮಾಡಿ. ಅದೂ ಸರಿಯಿದ್ದು ಜಾಲತಾಣದ ಹೆಸರಿಗೆ ಮಾತ್ರ ‘ಟೆಂಪರರಿ ಫೇಲ್ಯೂರ್ ಇನ್ ನೇಮ್ ರೆಸಲ್ಯೂಷನ್’ ಎಂದರೆ ಡಿಎನ್‌ಎಸ್, ಅಂದರೆ ಹೆಸರನ್ನು ಐಪಿ ವಿಳಾಸವಾಗಿಸುವ ಸೇವೆಯ ತೊಂದರೆ. ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಹಲ್ಲುಚಕ್ರದ ಗುರುತು ಒತ್ತಿ, ಐಪಿವಿ4 ಪುಟದಲ್ಲಿ ಡಿಎನ್‌ಎಸ್‌ನ ‘ಆಟೊಮ್ಯಾಟಿಕ್’ ತೆಗೆದು ಕ್ಲೌಡ್‌ಫ್ಲೇರ್‌ನ 1.1.1.1 ಬರೆಯಿರಿ. ವೈಫೈ ಒಮ್ಮೆ ಕಳಚಿ ಜೋಡಿಸದೆ ಇದು ಜಾರಿಗೆ ಬರುವುದಿಲ್ಲ. ಇದನ್ನು ಮರೆತು ‘ಆಗಲಿಲ್ಲ’ ಎನ್ನುವವರೇ ಜಾಸ್ತಿ. ಇನ್ನು ನಿಮ್ಮ ಲ್ಯಾಪ್‌ಟಾಪಿನ ವಿಳಾಸವೇ 169.254ರಿಂದ ಶುರುವಾದರೆ ರೂಟರ್ ನಿಮಗೆ ಐಪಿ ಕೊಟ್ಟೇ ಇಲ್ಲ.

ಆಗಾಗ ಕಡಿದುಹೋಗುವ ಸಂಪರ್ಕಕ್ಕೆ ಕಾರಣ ಪವರ್ ಸೇವಿಂಗ್ ಇರಬಹುದು. ‘ಇಟಿಸಿ’ ಒಳಗಿನ ‘ನೆಟ್‌ವರ್ಕ್‌ಮ್ಯಾನೇಜರ್’, ಅದರೊಳಗಿನ ‘ಕಾನ್ಫ್.ಡಿ’ ಫೋಲ್ಡರಿನಲ್ಲಿ ವೈಫೈ ಪವರ್‌ಸೇವ್ ಹೆಸರಿನ ಕಡತವಿದೆ. ಅದರಲ್ಲಿ 3 (ಆನ್) ಇದ್ದುದನ್ನು 2 (ಆಫ್) ಮಾಡಿ ರೀಸ್ಟಾರ್ಟ್ ಮಾಡಿ.

ಬಹಳ ಕಾಲದ ಬಳಕೆಯಲ್ಲಿ ಅತಿ ಹೆಚ್ಚು ಸುಖ ಕೊಟ್ಟದ್ದು ಒಂದು ಮೀಟರ್ ಯುಎಸ್‌ಬಿ ಎಕ್ಸ್‌ಟೆನ್ಷನ್ ವಯರ್. ಯುಎಸ್‌ಬಿ 3 ಸಾಧನಗಳು 2.4 ಗಿಗಾಹರ್ಟ್ಸ್ ಸುತ್ತ ರೇಡಿಯೊ ಗದ್ದಲ ಎಬ್ಬಿಸುತ್ತವೆ. ಪಕ್ಕದ ಪೋರ್ಟಿನಲ್ಲಿ ಹಾರ್ಡ್ ಡಿಸ್ಕ್ ಓಡುತ್ತಿದ್ದರೆ ವೈಫೈ ಕುಂಟುತ್ತದೆ. ಡಾಂಗಲ್ಲನ್ನು ವಯರ್ ತುದಿಗೆ ಸಿಕ್ಕಿಸಿ ಕಿಟಕಿಯ ಸರಳಿಗೆ ರಬ್ಬರ್ ಬ್ಯಾಂಡಿನಿಂದ ಕಟ್ಟಿ. ರೂಟರ್ ಹತ್ತಿರವಿದ್ದರೆ 5 ಗಿಗಾಹರ್ಟ್ಸ್ ಹೆಸರನ್ನೇ ಆರಿಸಿ. ಆಮೇಲೆ ವಿಡಿಯೊ ಕಾಲ್‌ನಲ್ಲಿ ಮುಖ ಹೆಪ್ಪುಗಟ್ಟುವುದು ತೀರಾ ಅಪರೂಪ.

ಕೊಳ್ಳಬಹುದೇ? ಲ್ಯಾನ್ ಕೇಬಲ್ ಎಳೆಯಬಲ್ಲವರಿಗೆ ಬೇಡ. ಎರಡು ದಿನದ ತುರ್ತಿಗೂ ಬೇಡ: ಆಂಡ್ರಾಯ್ಡ್ ಫೋನನ್ನು ಡೇಟಾ ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಮಿಂಟ್ ಅದನ್ನು ತಂತಿ ಸಂಪರ್ಕವೆಂದೇ ಎಣಿಸುತ್ತದೆ, ಡ್ರೈವರ್ ಕೇಳುವುದಿಲ್ಲ. ಲ್ಯಾಪ್‌ಟಾಪ್ ಬಿಚ್ಚುವ ಧೈರ್ಯವಿದ್ದು ಎಂ.2 ವೈಫೈ ಸ್ಲಾಟ್ (ಒಳಗಿನ ಕಾರ್ಡ್ ಕೂರುವ ಜಾಗ) ಇದ್ದರೆ ಸ್ವಲ್ಪ ಹೆಚ್ಚು ಕೊಟ್ಟು ಇಂಟೆಲ್ ಎಎಕ್ಸ್210 ಕಾರ್ಡ್ ಹಾಕಿಸಿ. ಎಎಕ್ಸ್211 ಬೇಡ, ಅದು ಕೆಲವು ಇಂಟೆಲ್ ಬೋರ್ಡುಗಳಲ್ಲಿ ಮಾತ್ರ ನಡೆಯುತ್ತದೆ. ಡಾಂಗಲ್ಲೇ ಸಾಕು ಎನ್ನುವವರು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗುವಾಗ ಮಿಂಟ್ ಲೈವ್ ಪೆನ್‌ಡ್ರೈವ್ (ಇನ್‌ಸ್ಟಾಲ್ ಮಾಡದೆಯೇ ಮಿಂಟ್ ಓಡಿಸುವಂಥದ್ದು) ಮತ್ತು ಲ್ಯಾಪ್‌ಟಾಪ್ ಒಯ್ಯಿರಿ. ಅಂಗಡಿಯಲ್ಲೇ ಚುಚ್ಚಿ, ಇಜೆಕ್ಟ್ ಒತ್ತಿ, ಫೋನಿನ ಹಾಟ್‌ಸ್ಪಾಟ್‌ಗೆ ಸೇರಿದ ಮೇಲಷ್ಟೇ ದುಡ್ಡು ಕೊಡಿ.